ಅಂಗೈ ಗಣಕಕ್ಕೆ ಅನ್ನವೆಷ್ಟು?

ದೀಪವೆಷ್ಟು ಚೆಂದವಾಗಿದ್ದರೇನು, ಎಣ್ಣೆ ತೀರಿದ ಮೇಲೆ ಕತ್ತಲೆಯೇ. ಅಂಗೈಯಲ್ಲಿ ಹಿಡಿಯುವ ಗಣಕಯಂತ್ರದ ಕಥೆಯೂ ಇದೇ. ಅದರ ಬುದ್ಧಿಯನ್ನು ಮೆಚ್ಚುವವರು ಅನೇಕರು. ಹಸಿವನ್ನು ವಿಚಾರಿಸುವವರು ವಿರಳ.

ಆ ಹಸಿವನ್ನು ಮೊದಲೇ ಎಣಿಸಿ ಯಂತ್ರ ಕಟ್ಟಿದವರು ಕರ್ನಾಟಕದಲ್ಲಿಯೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ಜನರ ಮುಂದಿಟ್ಟರು. ಓದುಬರಹವಿಲ್ಲದ ಹಳ್ಳಿಗರಿಗೂ ಕನ್ನಡದಲ್ಲಿ ಮಾತನಾಡಿ ತಿಳಿಸಬೇಕೆಂಬುದು ಅದರ ಉದ್ದೇಶ. ಅದಕ್ಕೆ ಆಹಾರವಾಗಿದ್ದುದು ಅಂಗಡಿಯಲ್ಲಿ ದೊರೆಯುವ ಮೂರೇ ಮೂರು ಪುಟ್ಟ ಶೆಲ್ಲುಗಳು! ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಅಂತಹ ಮೂರು ಶೆಲ್ಲುಗಳ ಒಟ್ಟು ಶಕ್ತಿ ಸುಮಾರು 3 ವಾಟ್-ಗಂಟೆ ಮಾತ್ರ. ಆದುದರಿಂದಲೇ ಅರ್ಧ ವಾಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವ ಮಿದುಳನ್ನೂ ಕಪ್ಪು-ಬಿಳುಪಿನ ತೆರೆಯನ್ನೂ ಅದಕ್ಕೆ ಜೋಡಿಸಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾಣ್ಮೆಯಿದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಅದು ಕಲಿಸಿದ ಲೆಕ್ಕ ಮಾತ್ರ ಹಳತಾಗಿಲ್ಲ.

ಮನೆಯ ಯಂತ್ರದ ಲೆಕ್ಕ

ಇಂದು ಬಳ್ಳಾರಿಯ ವಿದ್ಯಾರ್ಥಿಯೊಬ್ಬನು ಪುಟ್ಟ ಗಣಕಫಲಕವನ್ನೂ ತೆರೆಯನ್ನೂ ಕೊಂಡು ಮನೆಯಲ್ಲಿಯೇ ಕೈಗಣಕವನ್ನು ಕಟ್ಟಬಹುದು. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಬೆಳೆಯ ವಿವರ ಬರೆದುಕೊಳ್ಳಲು ಅದು ಬೇಕೆನ್ನೋಣ. ಬಳ್ಳಾರಿಗೆ ಸಮೀಪದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದ್ದರೂ ಗದ್ದೆಯ ಬದುವಿನವರೆಗೆ ಅದರ ತಂತಿ ಬಾರದಷ್ಟೆ!

ಯಂತ್ರವು 2 ವಾಟ್ ತಿನ್ನುವುದಾದರೆ ಎಂಟು ಗಂಟೆಯ ದುಡಿಮೆಗೆ 16 ವಾಟ್-ಗಂಟೆ ಬೇಕು. 3.7 ವೋಲ್ಟಿನ, 2,500 ಮಿಲಿಆಂಪಿಯರ್-ಗಂಟೆಯ ಒಂದು ಲಿಥಿಯಂ ಕೋಶದಲ್ಲಿರುವುದು ಸುಮಾರು 9. ಅದನ್ನು 5 ವೋಲ್ಟಿಗೆ ಏರಿಸುವಾಗ ಒಂದಂಶ ಶಾಖವಾಗಿ ಸೋರಿ, ಕೈಗೆ ಸಿಗುವುದು 8 ಮಾತ್ರ. ಎಂದರೆ ಎರಡು ಕೋಶಗಳು ಬೇಕು. ಎರಡನ್ನೂ ಸಮಾಂತರವಾಗಿ ಜೋಡಿಸುವ ಮುನ್ನ ಅವು ಒಂದೇ ಬಗೆಯವಾಗಿ, ಒಂದೇ ಮಟ್ಟಕ್ಕೆ ಚಾರ್ಜು ಆಗಿರಬೇಕು. ಇಲ್ಲವಾದರೆ ತುಂಬಿದ ಕೋಶದಿಂದ ಬರಿದಾದ ಕೋಶಕ್ಕೆ ವಿದ್ಯುತ್ತು ನುಗ್ಗಿ ಕಾವೇರುತ್ತದೆ.

ಸಾಮಾನ್ಯ ಲಿಥಿಯಂ ಕೋಶವನ್ನು 4.2 ವೋಲ್ಟಿಗಿಂತ ಮೇಲೆ ತುಂಬಬಾರದು. ಸುಮಾರು 3 ವೋಲ್ಟಿಗಿಂತ ಕೆಳಗೆ ಬರಿದು ಮಾಡಬಾರದು. ಈ ಕಾವಲಿಗೆ ರಕ್ಷಣಾಫಲಕವುಂಟು. ಆದರೆ ಅದು ಥಟ್ಟನೆ ಕಡಿದುಹಾಕಿದರೆ ದಿನವೆಲ್ಲ ಬರೆದ ವಿವರ ಹಾಳಾದೀತು. ಆದುದರಿಂದ ಇನ್ನೂ 3.3 ವೋಲ್ಟ್ ಇರುವಾಗಲೇ ಯಂತ್ರವು ಎಚ್ಚರಿಸಿ, ಬರೆದುದನ್ನು ಉಳಿಸಿ, ತಾನಾಗಿ ಮಲಗುವಂತಿರಬೇಕು.

ಬಿಸಿಲೆಂಬ ವೈರಿ

ಬಳ್ಳಾರಿ ಸೀಮೆಯಲ್ಲಿ ಇನ್ನೊಂದು ಕಂಟಕವಿದೆ. ಬೇಸಗೆಯಲ್ಲಿ ಇಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುತ್ತದೆ. ಕುರುಗೋಡಿನ ಬಂಡೆಗಳು ಕಾದ ಹಂಚಾಗುವ ಹೊತ್ತಿನಲ್ಲಿ ಬಿಸಿಲಿಗಿಟ್ಟ ಕಪ್ಪು ಪೆಟ್ಟಿಗೆಯ ಒಳಗಣ ಶಾಖವನ್ನು ಊಹಿಸಿರಿ! ಹೆಚ್ಚಿನ ಲಿಥಿಯಂ ಕೋಶಗಳನ್ನು 45 ಡಿಗ್ರಿಗಿಂತ ಬಿಸಿಯಿರುವಾಗ ಚಾರ್ಜು ಮಾಡಕೂಡದು. ಮಾಡಿದರೆ ಆಯುಷ್ಯ ಕುಗ್ಗುವುದಲ್ಲದೆ ಊದಿಕೊಂಡು ಬೆಂಕಿ ಹತ್ತುವ ಭಯವೂ ಉಂಟು. ಕೋಶಕ್ಕೆ ತಾಗಿದಂತೆ ಶಾಖ ಅಳೆಯುವ ಪುಟ್ಟ ಸಾಧನವನ್ನಿರಿಸಿ, ಮಿತಿ ಮೀರಿದೊಡನೆ ಚಾರ್ಜು ನಿಲ್ಲುವಂತೆ ಮಾಡುವುದೇ ವಿವೇಕ. ಪೆಟ್ಟಿಗೆಯ ಬಣ್ಣ ತಿಳಿಯಾಗಿರಲಿ. ಚಾರ್ಜು ಮಾಡುವ ವೇಳೆ ತಂಪು ಹೊತ್ತಿನದಾಗಿರಲಿ.

ಯಂತ್ರ ಕಟ್ಟುವ ಉತ್ಸಾಹದಲ್ಲಿ ಬ್ಯಾಟರಿಯನ್ನು ಕೊನೆಗೆ ತುರುಕುವವರೇ ಹೆಚ್ಚು. ಅದು ಎಷ್ಟು ತಿನ್ನುತ್ತದೆ, ಎಲ್ಲಿ ದುಡಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಂಡವನ ಯಂತ್ರವೇ ಸಂಜೆಯವರೆಗೆ ಎಚ್ಚರವಾಗಿರುತ್ತದೆ.