ಪರರ ಹೆಸರಿನಲ್ಲಿ ಆಳಿದವರು: ನವಾಬ ಪದವಿಯ ಕಥೆ

ಕೆಲಸ ಬಿಟ್ಟು ಕಾಲು ಚಾಚಿ ಕುಳಿತ ಹುಡುಗನನ್ನು ‘ಏನು, ನವಾಬರ ಹಾಗೆ ಕೂತಿದ್ದೀಯ’ ಎಂದು ಗದರುವುದು ನಮ್ಮ ಮನೆಗಳಲ್ಲಿ ಮಾಮೂಲು. ಆ ಮಾತಿನೊಳಗಿನ ನವಾಬ ಯಾರ ಹಂಗೂ ಇಲ್ಲದ ಒಡೆಯ. ಚರಿತ್ರೆಯ ನವಾಬ ಹಾಗಿರಲಿಲ್ಲ. ಅರಬ್ಬಿಯಲ್ಲಿ ‘ನಾಯಿಬ್’ ಎಂದರೆ ಪ್ರತಿನಿಧಿ. ಅದರ ಬಹುವಚನವನ್ನು ಗೌರವಕ್ಕಾಗಿ ಒಬ್ಬನಿಗೇ ಹಚ್ಚಿ ನವಾಬ ಎಂದರು. ಅಂದರೆ ಅವನದು ಇನ್ನೊಬ್ಬರ ಪರವಾಗಿ ನಡೆಸುವ ಅಧಿಕಾರ.

ಮೊಗಲರ ಕಾಲದಲ್ಲಿ ಪ್ರಾಂತ್ಯವೊಂದನ್ನು ನೋಡಿಕೊಳ್ಳುವ ಹುದ್ದೆ ಸುಬೇದಾರನದು, ನಾಜಿಮನದು. ಬಾದಶಹ ಫರ್ಮಾನು ಹೊರಡಿಸುತ್ತಿದ್ದ, ಖಿಲತ್ತಿನ ನಿಲುವಂಗಿ ಹೊದಿಸುತ್ತಿದ್ದ. ಜನ ನವಾಬರೆಂದು ಕರೆಯುತ್ತಿದ್ದರು. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ದೆಹಲಿಯ ಹಿಡಿತ ಸಡಿಲವಾಯಿತು. 1717ರಲ್ಲಿ ಬಂಗಾಳದ ನಾಜಿಮನಾದ ಮುರ್ಷಿದ್ ಕುಲಿ ಖಾನ್, 1722ರಲ್ಲಿ ಅವಧಕ್ಕೆ ಬಂದ ಸಾದತ್ ಖಾನ್ ಇಬ್ಬರೂ ಬಾದಶಹನ ನೌಕರರೇ. ಅವರ ಬಳಿಕ ಅಧಿಕಾರ ಮೊದಲಿಗೆ ಅವರವರ ಬಂಧುಗಳಿಗೇ ಹೋಯಿತು. ಆದರೂ ಶುಕ್ರವಾರದ ಖುತ್ಬಾ ಪ್ರವಚನದಲ್ಲಿ ಹೇಳುವ ಹೆಸರು, ಟಂಕಸಾಲೆಯ ನಾಣ್ಯದ ಮೇಲಿನ ಹೆಸರು ದೆಹಲಿಯ ಬಾದಶಹನದೇ. ಇವೆರಡೂ ಸಾರ್ವಭೌಮನ ಗುರುತು. ಕಂದಾಯ ಕೇಳುವ ಹಕ್ಕಿಗೆ ಆ ಹೆಸರೇ ಆಧಾರವಾಗಿದ್ದಾಗ ಅದನ್ನು ಕೈಬಿಡುವ ಧೈರ್ಯ ಯಾರಿಗಿತ್ತು? 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಪಡೆದ ಈಸ್ಟ್ ಇಂಡಿಯಾ ಕಂಪನಿ ಕೂಡ 1835ರವರೆಗೂ ಬಾದಶಹ ಷಾ ಆಲಂನ ಹೆಸರಿನಲ್ಲೇ ರೂಪಾಯಿ ಹೊಡೆಯಿತು.

ಈ ಪದವಿಯ ಅತ್ಯಂತ ಕುತೂಹಲದ ಅಧ್ಯಾಯ ನಮ್ಮ ನೆಲದಲ್ಲೇ ನಡೆದದ್ದು. 1687ರಿಂದ ಶಿರಾ, ಮೊಗಲರ ಕರ್ನಾಟಕ ಬಾಲಾಘಾಟ್ ಪ್ರಾಂತ್ಯದ ಆಡಳಿತ ಕೇಂದ್ರ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೈದರಾಲಿಗೆ ಶಿರಾದ ನವಾಬಗಿರಿ ಕೊಟ್ಟ. ಕೊಟ್ಟವನ ವಶದಲ್ಲಿ ಶಿರಾ ಇರಲಿಲ್ಲ. ಪಡೆದವನು ಅದನ್ನು ಗೆದ್ದುಕೊಳ್ಳಬೇಕಿತ್ತು, ಗೆದ್ದುಕೊಂಡ. ಇತ್ತ ಮೈಸೂರಿನ ಸಿಂಹಾಸನದಲ್ಲಿ ಒಡೆಯರು ಇದ್ದೇ ಇದ್ದರು, ಆಳ್ವಿಕೆ ಅವರ ಹೆಸರಿನಲ್ಲೇ. ಹೀಗೆ ಹೈದರ್ ಎರಡು ಕಡೆಯಿಂದ ಪ್ರತಿನಿಧಿ, ನಿಜದಲ್ಲಿ ಯಾರ ಕೈಕೆಳಗೂ ಇಲ್ಲ.

ಅವನ ಹೈದರಿ ವರಹವನ್ನು ಹತ್ತಿರದಿಂದ ನೋಡಬೇಕು. ಸುಮಾರು 3.4 ಗ್ರಾಂ ತೂಕದ, ಉಗುರಿನಗಲದ ಚಿನ್ನ. ಒಂದು ಮುಖದಲ್ಲಿ ಶಿವ, ಪಕ್ಕದಲ್ಲಿ ಪಾರ್ವತಿ. ಮತ್ತೊಂದು ಮುಖದಲ್ಲಿ ಚುಕ್ಕಿಗಳ ಹಾಸಿನ ನಡುವೆ ಹೈದರನ ಹೆಸರಿನ ಮೊದಲಕ್ಷರ ಮಾತ್ರ, ಪಾರಸಿ ಲಿಪಿಯಲ್ಲಿ. 1763ರಲ್ಲಿ ಬಿದನೂರು ಕೈಸೇರಿದಾಗ ಇಕ್ಕೇರಿ ನಾಯಕರ ವರಹದ ಅಚ್ಚನ್ನೇ ಅವನು ಮುಂದುವರಿಸಿದ. ಪೇಟೆ ನಂಬಿದ ನಾಣ್ಯವನ್ನು ಕೆಡಿಸಲಿಲ್ಲ, ತನ್ನ ಪೂರ್ತಿ ಹೆಸರನ್ನೂ ಹಾಕಿಕೊಳ್ಳಲಿಲ್ಲ. ನವಾಬನೊಬ್ಬನ ರಾಜಕೀಯ ಪ್ರಜ್ಞೆಯನ್ನು ಇಷ್ಟು ಚಿಕ್ಕದರಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಬೇರೊಂದು ನನಗೆ ತಿಳಿಯದು.

ಹೈದರನ ಮಗ ಟಿಪ್ಪುವಿಗೆ ಆ ಹೊಂದಾಣಿಕೆ ಸಾಕಾಗಲಿಲ್ಲ. 1786ರಲ್ಲಿ ತನ್ನನ್ನು ಬಾದಶಹನೆಂದು ಸಾರಿಕೊಂಡ; ಅವನ ನಾಣ್ಯಗಳಲ್ಲಿ ಮೊಗಲ್ ಬಾದಶಹನ ಹೆಸರಿಗೆ ಜಾಗವಿರಲಿಲ್ಲ. ಅದೇ ವರ್ಷ ಇಸ್ತಾಂಬುಲಿನ ಉಸ್ಮಾನಿ ಸುಲ್ತಾನನ ಬಳಿಗೆ ನಿಯೋಗವನ್ನೂ ಕಳಿಸಿದ. ದೆಹಲಿಯನ್ನು ಬಿಟ್ಟವನಿಗೂ ಮೇಲಿನವರ ಮನ್ನಣೆ ಬೇಕೆನಿಸಿತು. ಅವಧದಲ್ಲಿ ದೆಹಲಿಯನ್ನು ಬಿಡುವ ಕೆಲಸ ಕಂಪನಿಯ ಕುಮ್ಮಕ್ಕಿನಿಂದಲೇ ಆಯಿತು: ಗಾಜಿಉದ್ದೀನ್ ಹೈದರ್ 1819ರಲ್ಲಿ ರಾಜನಾದ. ಕಂಪನಿಗೆ ಬೇಕಿದ್ದದ್ದು ಅವಧವು ದೆಹಲಿಯಿಂದ ಕಡಿದುಕೊಳ್ಳುವುದು. 1856ರಲ್ಲಿ ಆ ರಾಜ್ಯವನ್ನೂ ಅದು ನುಂಗಿತು. ಭೋಪಾಲದಲ್ಲಿ ಮಾತ್ರ ಪದವಿ ಬೇರೆಯೇ ದಾರಿ ಹಿಡಿದು, 1819ರಿಂದ 1926ರ ನಡುವೆ ನಾಲ್ವರು ಬೇಗಂಗಳ ಕೈಯಲ್ಲಿ ಗಟ್ಟಿಯಾಗಿ ನಿಂತಿತು.

ಸವಣೂರಿನ ನವಾಬರ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು. 1779ರಲ್ಲಿ ಹೈದರನ ಮನೆತನದೊಂದಿಗೆ ಬೀಗತನವಾಯಿತು. ಏಳೇ ವರ್ಷಕ್ಕೆ ಟಿಪ್ಪುವಿನ ಸೇನೆ ಸವಣೂರಿಗೆ ನುಗ್ಗಿತು. ಆದರೂ ಈ ಪುಟ್ಟ ಸಂಸ್ಥಾನ ಹೈದರ್, ಟಿಪ್ಪು, ಪೇಶ್ವೆಗಳೆಲ್ಲರನ್ನೂ ದಾಟಿ ಬದುಕಿ, 1948ರಲ್ಲಿ ಭಾರತದಲ್ಲಿ ವಿಲೀನವಾಯಿತು.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ಅರಸರಿಗಿದ್ದ ಮಾನ್ಯತೆಯನ್ನೂ ತೆಗೆದುಹಾಕಿತು. ಅಲ್ಲಿಯವರೆಗೆ ಸ್ಕೋರ್‌ ಪಟ್ಟಿಯಲ್ಲಿ ‘ಪಟೌಡಿಯ ನವಾಬ’ ಎಂದಿದ್ದ ಕ್ರಿಕೆಟ್ ನಾಯಕ ಮುಂದೆ ಮನ್ಸೂರ್ ಅಲಿ ಖಾನ್ ಆಗಿ ಬ್ಯಾಟ್ ಹಿಡಿದರು. ಆರ್ಕಾಟಿನ ಮನೆತನದ್ದು ಬೇರೆ ಕಥೆ. ಅವರ ನವಾಬಗಿರಿಯನ್ನು ಬ್ರಿಟಿಷರು 1855ರಲ್ಲೇ ಕೊನೆಗೊಳಿಸಿ, ಬಳಿಕ ವಿಕ್ಟೋರಿಯಾ ರಾಣಿಯ ಸನ್ನದಿನ ಮೂಲಕ ‘ಅಮೀರ್-ಎ-ಆರ್ಕಾಟ್’ ಎಂಬ ಬಿರುದು ಕೊಟ್ಟಿದ್ದರು. ಅವರು ಆಳುವ ಅರಸರಾಗಿರಲಿಲ್ಲವಾದ್ದರಿಂದ 1971ರ ಕತ್ತರಿ ಅವರನ್ನು ಮುಟ್ಟಲಿಲ್ಲ. ಚೆನ್ನೈನ ರಾಯಪೇಟೆಯ ಅಮೀರ್ ಮಹಲಿನಲ್ಲಿ ಆ ಬಿರುದು ಇಂದಿಗೂ ಬಳಕೆಯಲ್ಲಿದೆ.