ಜಾಲಸೇವೆಗಳ ಪರಿಭಾಷೆ

ಅರ್ಜಿ ತುಂಬಿಸಲು ಹೋದವರಿಗೆಲ್ಲ ಪರಿಚಿತವಾದ ಮಾತೊಂದುಂಟು: “ಸರ್ವರ್ ಡೌನ್.” ಕಳೆದ ವರ್ಷ ನನ್ನದೊಂದು ಅರ್ಜಿ ಮೂರು ಸಾರಿ ನಿಂತಿತು. ಮೂರು ಸಾರಿಯೂ ಅಂಗಡಿಯಾತ ಅದನ್ನೇ ಹೇಳಿದ. ನಾನೂ ನಂಬಿ ಮನೆಗೆ ಬಂದೆ. ಬಂದ ರೋಗಿಗಳಿಗೆಲ್ಲ “ಜ್ವರ” ಎಂದಷ್ಟೇ ಹೇಳಿ ಕಳುಹಿಸುವ ವೈದ್ಯನನ್ನು ಯಾರೂ ಮೆಚ್ಚರು. ರೋಗದ ಹೆಸರು ತಿಳಿಯದೆ ಔಷಧವಿಲ್ಲ. ಇತಿಹಾಸದ ವಿದ್ಯಾರ್ಥಿಯಾದ ನಾನು ಈ ಯಂತ್ರಶಾಸ್ತ್ರದ ನಾಲ್ಕು ಮಾತುಗಳನ್ನು ಕಲಿಯಹೊರಟುದು ಈ ಕಾರಣದಿಂದ.

ಮೊದಲು ಜಾಲಸೇವೆ, ಅಂದರೆ ವೆಬ್ ಸರ್ವಿಸ್, ಎಂದರೇನೆಂಬುದನ್ನು ನೋಡೋಣ. ನಮ್ಮ ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್.ಎಸ್.ಪಿ.ಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಕೊಡುತ್ತೇವೆ. ಪತ್ರದಲ್ಲಿರುವ ವಿವರಗಳು ತೆರೆಯ ಮೇಲೆ ತಾವಾಗಿಯೇ ಮೂಡುತ್ತವೆ. ಅವು ಕಂದಾಯ ಇಲಾಖೆಯ ದಾಖಲೆಯಿಂದ ಬಂದವು. ಒಂದು ಇಲಾಖೆಯ ಯಂತ್ರ ಕೇಳಿತು, ಇನ್ನೊಂದು ಇಲಾಖೆಯ ಯಂತ್ರ ಹೇಳಿತು. ನಡುವೆ ಗುಮಾಸ್ತರಿಲ್ಲ, ಟಪಾಲಿಲ್ಲ. ಹೀಗೆ ಯಂತ್ರವು ಯಂತ್ರಕ್ಕೆ ಜಾಲದ ಮೂಲಕ ಸಲ್ಲಿಸುವ ಸೇವೆಯೇ ಜಾಲಸೇವೆ. ಸರ್ಕಾರ, ಬ್ಯಾಂಕು, ದೊಡ್ಡ ಉದ್ಯಮಗಳೆಲ್ಲ ಇಂದು ನಡೆಯುವುದು ಇದರ ಬಲದಿಂದ.

ಕೇಳುವ ಯಂತ್ರ ಕ್ಲೈಂಟ್, ಉತ್ತರಿಸುವ ಯಂತ್ರ ಸರ್ವರ್. ಕೋರಿಕೆ ತಲುಪಬೇಕಾದ ವಿಳಾಸಕ್ಕೆ ಎಂಡ್‌ಪಾಯಿಂಟ್ ಎನ್ನುತ್ತಾರೆ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಸರ್ವರ್ ಗಟ್ಟಿಮುಟ್ಟಾಗಿದ್ದರೂ ಬೇಕಾದುದು ಸಿಕ್ಕದು; ೪೦೪ ಎಂಬ ಅಂಕಿ ಬಂದೀತು. ಏನನ್ನು ಕೇಳಬಹುದು, ಯಾವ ರೂಪದಲ್ಲಿ ಕೇಳಬೇಕು, ಉತ್ತರ ಹೇಗಿರುತ್ತದೆ ಎಂಬ ಒಡಂಬಡಿಕೆಯೇ ಕಾಂಟ್ರಾಕ್ಟ್. ಅದನ್ನು ಬರೆಯಲು ೨೦೦೧ರಲ್ಲಿ ಡಬ್ಲ್ಯು.ಎಸ್.ಡಿ.ಎಲ್. ೧.೧ ಎಂಬ ಕ್ರಮ ಪ್ರಕಟವಾಯಿತು. ಸಂದೇಶವನ್ನಿಟ್ಟು ಕಳುಹಿಸುವ ಲಕೋಟೆಯ ಕ್ರಮಕ್ಕೆ ಸೋಪ್ ಎಂದು ಹೆಸರು. ನಾವು ಮೈಗೆ ಹಚ್ಚುವ ಸೋಪಿಗೂ ಇದಕ್ಕೂ ಸಂಬಂಧವಿಲ್ಲ! ೨೦೦೦ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ರೆಸ್ಟ್ ಎಂಬ ಸರಳವಾದ ದಾರಿಯನ್ನು ವಿವರಿಸಿದರು. ಅದಕ್ಕೆ ಬೇರೆ ಲಕೋಟೆ ಬೇಡ. ಜಾಲದ ಸಾಮಾನ್ಯ ಕ್ರಮವೇ ಸಾಕು.

ಇನ್ನು ಬಹಳ ಮಂದಿ ಒಂದೇ ಎಂದು ತಿಳಿಯುವ ಎರಡು ಮಾತುಗಳಿವೆ: ಅಥೆಂಟಿಕೇಷನ್ ಮತ್ತು ಆಥರೈಸೇಷನ್. ಮೊದಲನೆಯದು ಗುರುತಿನ ದೃಢೀಕರಣ, ಎರಡನೆಯದು ಅನುಮತಿ. ಗ್ರಂಥಾಲಯದ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿದರೆ ನೀವು ಯಾರೆಂಬುದು ಸ್ಥಿರಪಟ್ಟಿತು. ಆದರೆ ಅಷ್ಟರಿಂದಲೇ ಪರಾಮರ್ಶನ ಗ್ರಂಥವನ್ನು ಮನೆಗೆ ಒಯ್ಯಲಾಗುವುದೆ? ಗುರುತು ಸಾಲದಿದ್ದರೆ ೪೦೧, ಅನುಮತಿ ಇಲ್ಲದಿದ್ದರೆ ೪೦೩ ಎಂದು ಯಂತ್ರ ತಿಳಿಸುತ್ತದೆ.

ಸೇವೆಯನ್ನು ನಿರ್ವಹಿಸುವವರ ಮಾತುಗಳು ಬೇರೆ. ವಿಳಾಸ, ಅನುಮತಿ, ಕಾಯುವ ಅವಧಿ ಮುಂತಾದವನ್ನು ಗೊತ್ತುಮಾಡಿ ಇಡುವುದು ಕಾನ್ಫಿಗರೇಷನ್. ಕಾಯುವ ಅವಧಿ ಮೀರಿದರೆ ಟೈಮ್‌ಔಟ್. ಕೊನೆಯ ದಿನಾಂಕದಂದು ಎಲ್ಲರೂ ಒಮ್ಮೆಗೇ ನುಗ್ಗಿದರೆ, ಜಂಬೂಸವಾರಿಯ ದಿನದ ಸಯ್ಯಾಜಿರಾವ್ ರಸ್ತೆಯಂತೆ, ದಾರಿ ಕಟ್ಟಿಕೊಳ್ಳುತ್ತದೆ, ೫೦೩ ಕಾಣಿಸಿಕೊಳ್ಳುತ್ತದೆ. ಬಂದ ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇರುವುದು ಇದನ್ನು ತಪ್ಪಿಸಲು. ನಡೆದುದೆಲ್ಲವೂ ಹೊತ್ತುಗೊತ್ತಿನೊಡನೆ ದಾಖಲಾಗುವ ದಿನಚರಿಯೇ ಲಾಗ್. ತಪ್ಪು ಎಲ್ಲಿ ನಡೆಯಿತೆಂದು ಹುಡುಕುವವರು ಮೊದಲು ತೆರೆಯುವುದು ಅದನ್ನು.

ಯಾವ ಯಂತ್ರವೂ ಕೆಡದೆ ಕೆಲಸ ಕೆಡುವುದೂ ಉಂಟು. ನನ್ನ ಅರ್ಜಿಗೆ ಆದುದು ಅದೇ. ಒಂದು ದಾಖಲೆಯಲ್ಲಿ ನನ್ನ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ! ಇಬ್ಬರೂ ಒಬ್ಬನೇ ಎಂದು ನಮ್ಮ ಮೇಷ್ಟರಿಗೆ ತಿಳಿಯುತ್ತದೆ. ಅಕ್ಷರವನ್ನಷ್ಟೇ ಹೋಲಿಸುವ ಯಂತ್ರಕ್ಕೆ ತಿಳಿಯದು. ಸರ್ವರ್ ಸರಿಯಾಗಲೆಂದು ನಾನು ಕಾದ ದಿನಗಳೆಲ್ಲ ವ್ಯರ್ಥವಾದುವು. ಮಾಡಬೇಕಾಗಿದ್ದುದು ದಾಖಲೆಯ ತಿದ್ದುಪಡಿ. ರಿಜಿಸ್ಟ್ರಿ ಎಂಬ ಮಾತೂ ಇಲ್ಲಿಯೇ ನೆನಪಿಗೆ ಬರುತ್ತದೆ: ಯಾವುದು ಎಲ್ಲಿದೆಯೆಂದು ತಿಳಿಸುವ ಪಟ್ಟಿ ಅದು. ಆಧಾರ್ ಸಂಖ್ಯೆಯ ಮೂಲಕ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ತಿಳಿಸುವ ಎನ್.ಪಿ.ಸಿ.ಐ. ಪಟ್ಟಿಯೂ ಅಂಥದೇ. ಅದರಲ್ಲಿ ಹಳೆಯ ಬ್ಯಾಂಕು ಇದ್ದರೆ ಹಣ ಹಳೆಯ ಖಾತೆಗೇ ಹೋಗುತ್ತದೆ. ಹೊಸ ಪಾಸ್‌ಪುಸ್ತಕವನ್ನು ಹಿಡಿದು ಕಾಯುವವನು ಕಾಯುತ್ತಲೇ ಇರುತ್ತಾನೆ.

ಈ ಮಾತುಗಳಿಗೆ ಕನ್ನಡ ಬೇಕೆ, ಇಂಗ್ಲಿಷ್ ಸಾಕೆ ಎಂದು ಕೆಲವರು ಕೇಳುತ್ತಾರೆ. ೧೯೪೬ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದ ವಿಶ್ವವಿದ್ಯಾನಿಲಯ ನಮ್ಮ ಊರಿನದು. ವಿಳಾಸ, ಲಕೋಟೆ, ಅನುಮತಿ, ದಿನಚರಿ ಎಂದರೆ ನಮ್ಮ ಮನೆಯ ಹಿರಿಯರಿಗೂ ಅರ್ಥವಾಗುತ್ತದೆ. ಪದ ಯಾವುದಾದರೂ ಇರಲಿ, ಅರ್ಥ ನಮ್ಮದಾಗಬೇಕು.

ಮಿತ್ರರೇ, ಮುಂದೆ ಯಾರಾದರೂ “ಸರ್ವರ್ ಡೌನ್” ಎಂದರೆ ತಕ್ಷಣ ಹಿಂದಿರುಗಬೇಡಿ. “ತೆರೆಯ ಮೇಲೆ ಏನು ಬಂದಿದೆ ಸ್ವಾಮಿ, ಸ್ವಲ್ಪ ತೋರಿಸಿ” ಎಂದು ವಿನಯದಿಂದ ಕೇಳಿ. ೫೦೩ ಆದರೆ ನಾಳೆ ಬನ್ನಿ. ಹೆಸರು ಹೊಂದುತ್ತಿಲ್ಲವೆಂದರೆ ಇಂದೇ ತಿದ್ದುಪಡಿಗೆ ಹೊರಡಿ. ನಮ್ಮಲ್ಲಿ ಅನೇಕರಿಗೆ ಆ ಒಂದು ದಿನದ ವ್ಯತ್ಯಾಸ ಒಂದು ವರ್ಷದ ವಿದ್ಯಾರ್ಥಿವೇತನದ ವ್ಯತ್ಯಾಸ.