ಜಾತ್ರೆಗೆ ಹೊರಟ ಮೋಟಾರು

ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸುವುದು ನಾನು ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದಿರುವ ಒಂದು ವ್ರತ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಆ ಶಾಸನದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ನಮ್ಮ ಮಹಾನಗರದ ಹೆಸರು ಕಲ್ಲಿನ ಮೇಲೆ ಮೂಡಿರುವುದಕ್ಕೆ ಅಷ್ಟು ಹಳೆಯ ಸಾಕ್ಷ್ಯ ಈ ಊರಿನದು. ಕಳೆದ ವರ್ಷ ಹೀಗೆಯೇ ಹಳಗನ್ನಡದ ಅಕ್ಷರಗಳನ್ನು ಕುರಿತು ನಾನು ಉತ್ಸಾಹದಿಂದ ವಿವರಿಸುತ್ತಿರುವಾಗ ಹಿಂದಿನ ಬೀದಿಯಲ್ಲಿ ಗಡಗಡನೆ ಸದ್ದಾಯಿತು. ಹುಡುಗರೆಲ್ಲ ಶಾಸನಕ್ಕೆ ಬೆನ್ನು ಹಾಕಿ ಅತ್ತ ತಿರುಗಿದರು. ನಮ್ಮ ನೆರೆಮನೆಯ ರಾಯರು ತಮ್ಮ ಬಿಳಿಯ ಫಿಯಟ್ ಗಾಡಿಯಲ್ಲಿ ತರಕಾರಿ ತರಲು ಹೊರಟಿದ್ದರು. “ಸಾರ್, ಇದು ಯಾವ ಶತಮಾನದ್ದು?” ಎಂದು ಒಬ್ಬ ಕೇಳಿಯೇ ಬಿಟ್ಟ.

ನಗೆಯೇನೋ ಎದ್ದಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾವಿರದ ನೂರು ವರ್ಷ ಆ ಕಲ್ಲು ಬಿಸಿಲು ಮಳೆಗಳಲ್ಲಿ ನಿಂತಿತ್ತು. ಅದು ಯಾರನ್ನೂ ಎಣ್ಣೆ ಕೇಳಲಿಲ್ಲ, ಬ್ಯಾಟರಿ ಕೇಳಲಿಲ್ಲ. ಅರುವತ್ತು ವರ್ಷದ ಮೋಟಾರು ಹಾಗಲ್ಲ. ಆರು ತಿಂಗಳು ಕಡೆಗಣಿಸಿದರೆ ಸಾಕು, ಅದು ತುಕ್ಕಿನ ರಾಶಿ. ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಎರಡರ ಬಗೆಗೂ ಒಂದೇ ಆದರೂ, ಒಂದಕ್ಕೆ ಸರ್ಕಾರದ ಇಲಾಖೆಯಿದೆ, ಮತ್ತೊಂದಕ್ಕೆ ನಿವೃತ್ತ ಗಣಿತದ ಮೇಷ್ಟರೊಬ್ಬರ ಪಿಂಚಣಿಯಿದೆ.

ರಾಯರ ಗಾಡಿ ಅವರ ತಂದೆಯವರು 1965ರಲ್ಲಿ ಕೊಂಡದ್ದು. ಆ ದಿನಗಳಲ್ಲಿ ಕಾರು ಕೊಳ್ಳುವುದೆಂದರೆ ಹೆಣ್ಣು ಕೊಟ್ಟು ತರುವುದಕ್ಕಿಂತ ದೊಡ್ಡ ಸಂಭ್ರಮವಾಗಿತ್ತು. ಮುಂಗಡ ಹಣ ಕಟ್ಟಿ ಹೆಸರು ನೋಂದಾಯಿಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಬೆಲೆಯೂ ಸರ್ಕಾರದ ಹತೋಟಿಯಲ್ಲಿತ್ತು. ಆಯ್ಕೆಯೂ ಮೂರೇ: ಕಲ್ಕತ್ತೆಯ ಬಳಿಯ ಉತ್ತರಪಾಡಾದ ಅಂಬಾಸಿಡರ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್. ಇದೇ ಫಿಯಟ್ ಮುಂದೆ ಪದ್ಮಿನಿಯೆಂಬ ಹೆಸರು ಪಡೆದು 2001ರ ಸುಮಾರಿಗೆ ತೆರೆಗೆ ಸರಿಯಿತು. ಅಂಬಾಸಿಡರ್ 2014ರವರೆಗೆ ಉಸಿರು ಹಿಡಿದಿತ್ತು. ರಾಯರ ಗಾಡಿಯ ಸಂಖ್ಯೆ ಇಂದಿಗೂ ‘ಎಂ.ವೈ.’ ಎಂದೇ ಮೊದಲಾಗುತ್ತದೆ. ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಮೊದಲಿನ ಮೈಸೂರು ರಾಜ್ಯ ಈ ಗಾಡಿಯ ಎರಡು ಅಕ್ಷರಗಳಲ್ಲಿ ಇನ್ನೂ ಬೀದಿಯ ಮೇಲೆ ಓಡಾಡುತ್ತಿದೆಯೆಂದರೆ ಚರಿತ್ರೆಯ ಮೇಷ್ಟರು ಸಹ ಒಪ್ಪಬೇಕು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ಈ ಗಾಡಿಗೆ ಬೆಂಗಳೂರೇ ತವರಾಗಬಹುದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕೆಯ ಡೆಟ್ರಾಯಿಟ್ ನಗರಕ್ಕೆ ಹೋಗಿ ಅಲ್ಲಿನ ಮೋಟಾರು ಕೈಗಾರಿಕೆಯನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿಯೂ ಅಂಥ ಕಾರ್ಖಾನೆಯಾಗಬೇಕೆಂದು ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದರು ಆ ಯೋಜನೆಗೆ ಹೆಗಲು ಕೊಟ್ಟರು; ಮೈಸೂರು ಸಂಸ್ಥಾನವೂ ಕೈಗೂಡಿಸಲು ಮುಂದಾಯಿತು. ಬ್ರಿಟಿಷ್ ಪ್ರಭುತ್ವದ ಒಪ್ಪಿಗೆಯೊಂದು ದೊರೆಯಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ. ಮೋಟಾರಿನ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಕಣ್ಣು ತೆರೆಯಿತು. ರಾಯರಿಗೆ ಈ ಕಥೆ ಹೇಳಿದಾಗ ಅವರು ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು, “ಹಾಗಾದರೆ ಇವಳು ಸೊಸೆಯಲ್ಲ ಮೇಷ್ಟ್ರೇ, ಮಗಳೇ” ಎಂದರು.

ಈ ಮಗಳನ್ನು ವರ್ಷಕ್ಕೊಮ್ಮೆ ಜಾತ್ರೆಗೆ ಕರೆದೊಯ್ಯಬೇಕೆಂಬುದು ರಾಯರ ಹಟ. ಜಾತ್ರೆಯೆಂದರೆ ಹಳೆಯ ಮೋಟಾರುಗಳ ಪ್ರದರ್ಶನ. ನಮ್ಮ ದೇಶದಲ್ಲಿ ಇಂಥ ಮೇಳಗಳಿಗೆ ದೀರ್ಘವಾದ ಪರಂಪರೆಯೇ ಇದೆ. ಸ್ಟೇಟ್ಸ್‌ಮನ್ ಪತ್ರಿಕೆಯವರು ದೆಹಲಿಯಲ್ಲಿ 1964ರಲ್ಲಿಯೇ ಹಳೆಯ ಕಾರುಗಳ ಓಟವನ್ನು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಗಾಡಿಗಳ ಒಡೆಯರ ಸಂಘವಿದೆ, ಮೇಳಗಳು ನಡೆಯುತ್ತವೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಕಾರುಗಳ ‘ಪಯಣ’ ಎಂಬ ಸಂಗ್ರಹಾಲಯ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ಮೇಲೆ ಮೈಸೂರು ದಾರಿಯ ಪ್ರವಾಸಿಗಳಿಗೂ ಈ ರುಚಿ ಹತ್ತಿದೆ. ಸಂಗ್ರಹಾಲಯದ ಕಾರಿಗೆ ಓಡುವ ಚಿಂತೆಯಿಲ್ಲ. ಓಡಿಕೊಂಡೇ ಹೋಗಬೇಕಾದ ಗಾಡಿಯ ಸಂಕಟ ಬೇರೆ.

ಕಳೆದ ವರ್ಷ ಅವರೊಡನೆ ನಾನೂ ಹೋಗಿದ್ದೆ. ಬೇಗೂರಿನಿಂದ ಅರಮನೆ ಮೈದಾನಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಭಾನುವಾರ ಬೆಳಗ್ಗೆ ಐದಕ್ಕೇ ಹೊರಟೆವು. ಹಳೆಯ ಗಾಡಿಗೆ ವಾಹನಸಂದಣಿಯಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಓಡುತ್ತಿದ್ದರೆ ಗಾಳಿ ಬೀಸಿ ರೇಡಿಯೇಟರು ತಂಪಾಗಿರುತ್ತದೆ. ನಿಂತರೆ ನೀರು ಕುದಿಯುತ್ತದೆ, ಪಂಪಿನಲ್ಲಿಯ ಪೆಟ್ರೋಲು ಆವಿಯಾಗಿ ಎಂಜಿನು ಕಣ್ಣು ಮುಚ್ಚುತ್ತದೆ. ಆಗ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಜ್ವರದ ಮಗುವಿನ ಬಳಿ ಕುಳಿತಂತೆ ಕಾಯಬೇಕು. ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡಿನವರೆಗೆ ನಸುಗತ್ತಲೆಯಲ್ಲಿ ರಸ್ತೆ ಬರಿದಾಗಿತ್ತು. ರಾಯರು ಸ್ಟೇರಿಂಗಿನ ಪಕ್ಕದ ಗೇರನ್ನು ವೀಣೆಯ ತಂತಿ ಮುಟ್ಟುವಷ್ಟು ಮೆತ್ತಗೆ ಬದಲಿಸುತ್ತ, ಒಂದು ಮಾತೂ ಆಡದೆ, ಎಂಜಿನಿನ ಸದ್ದನ್ನೇ ಆಲಿಸುತ್ತ ನಡೆಸಿದರು. ನನಗೆ ಏನನ್ನೋ ಕೇಳಬೇಕೆನಿಸಿತು. ಸಂಗೀತ ಕಛೇರಿಯಲ್ಲಿ ಕೆಮ್ಮಿದಂತಾದೀತೆಂದು ಸುಮ್ಮನಾದೆ.

ಮೈದಾನದಲ್ಲಿ ಕಂಡ ವೈಭವವನ್ನು ಏನೆಂದು ವರ್ಣಿಸಲಿ? ರಾಜಮಹಾರಾಜರ ಕಾಲದ ರೋಲ್ಸ್‌ರಾಯ್ಸ್, ಹಡಗಿನಂಥ ಅಮೆರಿಕನ್ ಬ್ಯೂಕುಗಳು, ಕನ್ನಡಿಯಂತೆ ಹೊಳೆಯುವ ಚಕ್ರಗಳು. ಅವೆಲ್ಲ ಮುಚ್ಚಿದ ಲಾರಿಗಳಲ್ಲಿ ಬಂದಿಳಿದಿದ್ದವು. ಒರೆಸಲು ಆಳುಗಳು, ಒಡೆಯರಿಗೆ ಕೊಡೆಗಳು. ನಮ್ಮ ಫಿಯಟ್ಟಿಗೆ ಕೊನೆಯ ಸಾಲಿನಲ್ಲಿ, ಶಾಮಿಯಾನದ ನೆರಳು ಮುಗಿಯುವಲ್ಲಿ ಜಾಗ ದೊರೆಯಿತು. ತೀರ್ಪುಗಾರರು ಬಂದರು, ಬಾನೆಟ್ಟು ಎತ್ತಿಸಿದರು, ಒಂದು ಕೊಳವೆ ಮೂಲದ್ದಲ್ಲವೆಂದು ಗುರುತು ಮಾಡಿಕೊಂಡು ಹೋದರು. ಬಹುಮಾನಗಳು ಎತ್ತ ಹೋಗುವುವೆಂಬುದು ಆಗಲೇ ತಿಳಿದಿತ್ತು.

ಆದರೆ ಹತ್ತು ಗಂಟೆಯ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ರೋಲ್ಸ್‌ರಾಯ್ಸಿನ ಮುಂದೆ ಜನ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಫಿಯಟ್ಟಿನ ಮುಂದೆ ನಿಂತವರು ಮಾತನಾಡುತ್ತಿದ್ದರು. ಎಪ್ಪತ್ತು ದಾಟಿದ ಒಬ್ಬ ತಾಯಿ ಹಿಂಬದಿಯ ಸೀಟನ್ನು ಮುಟ್ಟಿ, ತಾವು ಮದುವೆಯಾಗಿ ತುಮಕೂರಿನಿಂದ ಬಂದದ್ದು ಇಂಥದೇ ಗಾಡಿಯಲ್ಲಿ ಎಂದರು. ಬಾಗಿಲು ತೆರೆದು ಒಂದು ನಿಮಿಷ ಕೂರಬಹುದೇ ಎಂದು ಕೇಳಿದರು. “ಕೂತ್ಕೊಳ್ಳಿ ತಾಯಿ, ಅದಕ್ಕೇ ತಂದಿರೋದು” ಎಂದು ರಾಯರು ಬಾಗಿಲು ಹಿಡಿದು ನಿಂತರು. ಆ ತಾಯಿ ಒಳಗೆ ಕುಳಿತು ಕಿಟಕಿಯ ಗಾಜನ್ನು ಇಳಿಸುವ ಹಿಡಿಯನ್ನು ತಿರುಗಿಸಿದರು, ಮತ್ತೆ ಏರಿಸಿದರು. ಅಷ್ಟೇ. ಇಳಿದು, ಸೆರಗಿನಿಂದ ಆ ಹಿಡಿಯನ್ನು ಒರೆಸಿ ಹೋದರು. ಆಗ ನನಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬೀಸೆಕಲ್ಲು ಸವಾರಿ ನೆನಪಾಯಿತು. ಮಲೆನಾಡಿಗೆ ಮೊದಲು ಬಂದ ಬೈಸಿಕಲ್ಲಿನ ಮುಂದೆ ಆ ಜನರು ನಿಂತದ್ದು ಬೆರಗಿನಿಂದ. ಯಂತ್ರವೊಂದು ಬೆರಗಿನಿಂದ ಹೊರಟು ನೆನಪಿಗೆ ಬಂದು ಸೇರಲು ಎರಡು ತಲೆಮಾರು ಸಾಕೆಂದು ತೋರುತ್ತದೆ.

ಹಿಂತಿರುಗುವಾಗ ಸಂಜೆ ಐದು. ಪ್ರದರ್ಶನ ಮುಗಿಯುವವರೆಗೆ ಗಾಡಿ ಕದಲಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಬೆಳಗ್ಗೆ ಬರಿದಾಗಿದ್ದ ಸಿಲ್ಕ್ ಬೋರ್ಡು ಈಗ ಸಮುದ್ರ. ನೀರು ಕುದಿಯಿತು, ಒದ್ದೆ ಬಟ್ಟೆಯ ಮಂತ್ರವೂ ಫಲಿಸಲಿಲ್ಲ. ಹಿಂದಿನಿಂದ ಹಾರನ್ನುಗಳು. ಬೆಳಗಿನಿಂದ ಆ ಗಾಡಿಯನ್ನು ಹೊಗಳಿದ ಊರೇ ಈಗ ಅದನ್ನು ಬೈಯುತ್ತಿತ್ತು. ಕೊನೆಗೆ ಎತ್ತಿಕೊಂಡು ಹೋಗುವ ಲಾರಿ ಬಂದಿತು.

ಮರುದಿನ ರಾಯರು ತಮ್ಮ ಲೆಕ್ಕದ ಪುಸ್ತಕ ತೋರಿಸಿದರು. ಪ್ರವೇಶ ಶುಲ್ಕ 1,500. ಪ್ಲಗ್ಗು, ಪಾಯಿಂಟು, ಕಾರ್ಬ್ಯುರೇಟರು ಸರಿಪಡಿಸಿದ ಮೆಕ್ಯಾನಿಕ್ಕನಿಗೆ 3,500. ಪಾಲಿಷು 1,200. ಪೆಟ್ರೋಲು 800. ಇಬ್ಬರ ಊಟ ತಿಂಡಿ 900. ಲಾರಿ 4,000. ಒಟ್ಟು 11,900 ರೂಪಾಯಿ. ಹಿಂದಿನ ವಾರ ಹಾಕಿಸಿದ ಬ್ಯಾಟರಿಯನ್ನು ಸೇರಿಸಿಲ್ಲ. ಬಂದದ್ದು ಭಾಗವಹಿಸಿದ್ದಕ್ಕೊಂದು ಪ್ರಮಾಣಪತ್ರ. “ಇಷ್ಟು ದುಡ್ಡಲ್ಲಿ ಅದಕ್ಕೊಂದು ಸೀಟಾದರೂ ಹೊಲಿಸಬಹುದಾಗಿತ್ತಲ್ಲ” ಎಂದು ರಾಯರ ಮನೆಯಾಕೆ ಅಂದದ್ದು ಗಾಡಿಯ ಮೇಲಿನ ಕೋಪದಿಂದಲ್ಲ. ಅವರಿಗೂ ಗಾಡಿಯ ಮೇಲೆ ಮಮತೆಯಿದೆ. ಜಾತ್ರೆಯ ಮೇಲೆ ಇಲ್ಲ. ನನ್ನ ಒಳಮತ ಅವರ ಕಡೆಗೇ ಎಂಬುದನ್ನು ರಾಯರು ಈ ಲೇಖನ ಓದಿಯೇ ತಿಳಿಯಬೇಕಾಗಿದೆ.

ಪೆಟ್ರೋಲಿನ ಲೆಕ್ಕಕ್ಕೂ ಒಂದು ಟಿಪ್ಪಣಿ ಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಕಬ್ಬಿನಿಂದಲೂ ಜೋಳದಿಂದಲೂ ತೆಗೆದ ಈ ಮದ್ಯಸಾರ ರೈತರಿಗೆ ಒಳ್ಳೆಯದು, ವಿದೇಶೀ ವಿನಿಮಯಕ್ಕೆ ಒಳ್ಳೆಯದು. ಆದರೆ ಅರುವತ್ತರ ದಶಕದ ರಬ್ಬರು ಕೊಳವೆಗಳನ್ನು ಅದು ಮೆಲ್ಲನೆ ಕೊರೆಯುತ್ತದೆ, ನೀರನ್ನು ಹೀರಿ ತೊಟ್ಟಿಗೆ ತುಕ್ಕು ಹಿಡಿಸುತ್ತದೆ. ತೀರ್ಪುಗಾರರು ಕುಂದೆಂದು ಎಣಿಸಿದ ಆ ಕೊಳವೆ ಇದೇ ಕಾರಣಕ್ಕೆ ಬದಲಾಗಿತ್ತು! ಬೆರಕೆಯಿಲ್ಲದ ದುಬಾರಿ ಪೆಟ್ರೋಲು ಕೆಲವೇ ಕಡೆ ಸಿಗುತ್ತದೆ. ಬೆಲೆ ಲೀಟರಿಗೆ ನೂರೈವತ್ತು ದಾಟುತ್ತದೆ. ಹಿಂದೆ, 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಾಗಲೂ ಹಳೆಯ ಎಂಜಿನುಗಳು ಹೀಗೆಯೇ ತಳಮಳಿಸಿದ್ದುವು. ಕಾಲ ಮುಂದೆ ಹೋಗುವಾಗ ಹಳೆಯ ಗಾಡಿಯನ್ನು ಕೇಳಿ ಹೋಗುವುದಿಲ್ಲ. ಹೋಗಬೇಕೆಂದು ನಾನೂ ವಾದಿಸಲಾರೆ.

ನೋಂದಣಿಯದೇ ಇನ್ನೊಂದು ತೊಡಕು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ಮಾಡಿತು: ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಬಳಿಕ ಮರುನೋಂದಣಿಗೆ 5,000. ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ಆದರೆ ಅಂಥ ಗಾಡಿಯನ್ನು ನಿತ್ಯದ ಕೆಲಸಕ್ಕೆ ಬೀದಿಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ಓಟಕ್ಕೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ಮಾತ್ರ. ಸಾಮಾನ್ಯ ಗಾಡಿಯೆಂದೇ ಉಳಿಸಿಕೊಂಡರೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. ಆ ಶುಲ್ಕ 2022ರಲ್ಲಿ 600ರಿಂದ 5,000ಕ್ಕೆ ಜಿಗಿಯಿತು; ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಗಣಿತದ ಮೇಷ್ಟರು ಕೂಡಿ ನೋಡಿದರು: “ಮೊದಲ ಹತ್ತು ವರ್ಷಕ್ಕೆ ಎರಡೂ ಇಪ್ಪತ್ತು ಸಾವಿರವೇ ಮೇಷ್ಟ್ರೇ. ಒಂದರಲ್ಲಿ ಗೌರವ ಉಂಟು, ತರಕಾರಿ ಇಲ್ಲ. ಇನ್ನೊಂದರಲ್ಲಿ ತರಕಾರಿ ಉಂಟು.” ಅವರು ತರಕಾರಿಯನ್ನೇ ಆರಿಸಿಕೊಂಡರು.

ಇಂಗ್ಲೆಂಡಿನಲ್ಲಿ 1896ರ ಓಟವೊಂದರ ನೆನಪಿಗಾಗಿ ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ 1905ಕ್ಕೆ ಹಿಂದಿನ ಗಾಡಿಗಳು ಓಡುತ್ತವೆ. ಅಲ್ಲಿ ದಾರಿಯಲ್ಲಿ ಕೆಟ್ಟು ನಿಲ್ಲುವುದೂ ಹಬ್ಬದ ಒಂದು ಅಂಗವೇ. ಸಿಲ್ಕ್ ಬೋರ್ಡಿನಲ್ಲಿ ಆ ಔದಾರ್ಯವನ್ನು ಬಯಸುವುದು ಅತಿಯಾಸೆ. ಆದರೆ ಬಡವರ ಗಾಡಿಗಳಿಗೆ ಅವರವರ ಬಡಾವಣೆಯಲ್ಲಿಯೇ, ಒಂದು ಶಾಲೆಯ ಆಟದ ಬಯಲಿನಲ್ಲಿ, ಶುಲ್ಕವಿಲ್ಲದೆ, ತೀರ್ಪುಗಾರರಿಲ್ಲದೆ ಒಂದು ಬೆಳಗ್ಗೆ ಕೂಡಲು ಏನಡ್ಡಿ? ಬೇಗೂರಿನ ಕೆರೆಯ ಬಳಿ ನಾಲ್ಕು ಫಿಯಟ್ಟು, ಎರಡು ಅಂಬಾಸಿಡರು, ಮೈಸೂರಿನಲ್ಲಿ ತಯಾರಾದ ಹತ್ತು ಜಾವಾ ಮೋಟಾರು ಸೈಕಲ್ಲು ನಿಂತರೆ ಸಾಕು. ಆ ತುಮಕೂರಿನ ತಾಯಿಯಂಥವರು ಬಂದೇ ಬರುತ್ತಾರೆ. ರಾಯರಿಗೆ ಇದನ್ನು ಸೂಚಿಸಿದೆ. ಅವರು ಒಪ್ಪಿದರು, ಆದರೆ ದೊಡ್ಡ ಜಾತ್ರೆಯನ್ನು ಬಿಡುತ್ತೇನೆಂದು ಹೇಳಲಿಲ್ಲ.

ಈ ವರ್ಷದ ಅರ್ಜಿ ಮೊನ್ನೆ ಬಂದಿದೆ. ಭರ್ತಿ ಮಾಡಿ ಇಟ್ಟಿದ್ದಾರೆಂದು ಅವರ ಮನೆಯಾಕೆಯೇ ನನಗೆ ತಿಳಿಸಿದರು. ಶನಿವಾರ ಜೆ.ಸಿ. ರಸ್ತೆಗೆ ಹೋಗಿ ಮೂಲದ ಅಳತೆಯ ಪೆಟ್ರೋಲು ಕೊಳವೆಯನ್ನು ಹುಡುಕಬೇಕಂತೆ, ನಾನೂ ಜೊತೆಗೆ ಬರಬೇಕಂತೆ. ಗಾಡಿಗೆ ದಣಿವಾಗಬಾರದೆಂದು ಬಸ್ಸಿನಲ್ಲಿ ಹೋಗುತ್ತೇವೆ.